ಹಸಿರು ಪುಡಿ, ಪಾಚಿ ಎಣ್ಣೆ ಮತ್ತು ನಿಮ್ಮ ಹೃದಯ: ಡಬ್ಬಿ ಕೊಳ್ಳುವ ಮುನ್ನ

"ಬಿ.ಪಿ. ಗುಳಿಗಿ ಬಿಟ್ಟೇನ್ರೀ, ಈಗ ಹಸರ ಪುಡಿ ಚಾಲೂ ಮಾಡೇನಿ. ಬ್ಲಾಕೇಜ್ ಎಲ್ಲಾ ಕರಗಿಸ್ತೈತಂತ." ಬೆಳಗಾವಿ ಜಿಲ್ಲೆಯ ಯರಗಟ್ಟಿಯ ಬಸ್ ನಿಲ್ದಾಣದ ಚಹಾದಂಗಡಿಯಲ್ಲೋ ಸವದತ್ತಿಯ ಮದುವೆ ಪಂಕ್ತಿಯಲ್ಲೋ ಇಂಥ ಮಾತು ನಿಮ್ಮ ಕಿವಿಗೂ ಬಿದ್ದಿರಬಹುದು. ಹೇಳಿದವರು ನಿಮ್ಮ ಕಾಕಾ ಆಗಿರಬಹುದು, ಬೀಗರಾಗಿರಬಹುದು. ಡಬ್ಬಿ ಮಾರಿದವರೂ ಹೆಚ್ಚಾಗಿ ಪರಿಚಯದವರೇ ಇರುತ್ತಾರೆ. ಹಾಗಾಗಿ ಬೇಡ ಅನ್ನುವುದು ಕಷ್ಟ, ಪ್ರಶ್ನೆ ಕೇಳುವುದು ಇನ್ನೂ ಕಷ್ಟ.

2025ರ ಮೇ-ಜೂನ್ ಹೊತ್ತಿಗೆ ಹಾಸನ ಜಿಲ್ಲೆಯಿಂದ ಕಿರಿಯ ವಯಸ್ಸಿನವರ ಹಠಾತ್ ಸಾವಿನ ಸುದ್ದಿ ಒಂದರ ಬೆನ್ನಿಗೊಂದು ಬಂದಾಗ, ಬೆಂಗಳೂರು ಮತ್ತು ಮೈಸೂರಿನ ಜಯದೇವ ಹೃದ್ರೋಗ ಆಸ್ಪತ್ರೆಗಳ ಮುಂದೆ ತಪಾಸಣೆಗೆ ಉದ್ದುದ್ದ ಸಾಲು ನಿಂತಿತು. ಹೆದರಿಕೆ ಹುಟ್ಟಿದಲ್ಲಿ ಅದಕ್ಕೊಂದು ಮದ್ದು ಮಾರುವವರೂ ಬರುತ್ತಾರೆ. ಸ್ಪಿರುಲಿನಾ ಪುಡಿ, ಕ್ಲೋರೆಲ್ಲಾ ಗುಳಿಗೆ, ಪಾಚಿಯಿಂದ ತೆಗೆದ ಒಮೆಗಾ-3 ಕ್ಯಾಪ್ಸೂಲು ಎಲ್ಲವೂ 'ಹೃದಯಕ್ಕೆ ಒಳ್ಳೆಯದು' ಎಂಬ ಒಂದೇ ಮಾತಿನ ಮೇಲೆ ಮನೆಮನೆಗೆ ಬರುತ್ತಿವೆ. ಇವು ಪೂರ್ತಿ ಮೋಸವೂ ಅಲ್ಲ, ಹೇಳುವಷ್ಟು ಪವಾಡವೂ ಅಲ್ಲ. ಯಾವುದು ಏನು ಮಾಡುತ್ತದೆ, ಯಾರಿಗೆ ಬೇಕು, ಯಾರು ಮುಟ್ಟಬಾರದು ಎಂಬುದನ್ನು ಬಿಡಿಸಿ ನೋಡೋಣ.

ಒಂದೇ ಹೆಸರಿನಲ್ಲಿ ಬೇರೆ ಬೇರೆ ಸರಕು

ಮೊದಲು ಬಿಡಿಸಿಕೊಳ್ಳಬೇಕಾದ ಗಂಟು ಇದು. ಪಾಚಿ ಎಂದು ಮಾರುವ ಎಲ್ಲವೂ ಒಂದೇ ಅಲ್ಲ.

ಸ್ಪಿರುಲಿನಾ ಎಂಬುದು ಕ್ಷಾರ ಗುಣದ ನೀರಿನಲ್ಲಿ ಬಿಸಿಲು ಕುಡಿದು ಬೆಳೆಯುವ ನೀಲಿ-ಹಸಿರು ಸೂಕ್ಷ್ಮಜೀವಿ. ಮೆಕ್ಸಿಕೋದ ಅಜ್ಟೆಕ್ ಜನ ಅದನ್ನು ಸರೋವರದಿಂದ ಸೋಸಿ ತೆಗೆದು ತಿನ್ನುತ್ತಿದ್ದರು. ಆಫ್ರಿಕಾದ ಚಾಡ್ ಸರೋವರದ ದಂಡೆಯಲ್ಲಿ ಇಂದಿಗೂ ಅದನ್ನು ಒಣಗಿಸಿ ಬಿಲ್ಲೆ ಮಾಡುತ್ತಾರೆ. ನಮ್ಮ ರಾಜ್ಯಕ್ಕೂ ಇದು ಹೊಸದಲ್ಲ. ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ 1970ರ ದಶಕದಲ್ಲೇ ಜರ್ಮನಿಯ ಸಹಯೋಗದಲ್ಲಿ ತಿನ್ನುವ ಪಾಚಿಯ ಕೃಷಿಯನ್ನು ಕೈಗೆತ್ತಿಕೊಂಡಿತ್ತು. ಅಲ್ಲಿನ ವಿಜ್ಞಾನಿ ಎಲ್.ವಿ. ವೆಂಕಟರಾಮನ್ ಈ ಕೆಲಸದಲ್ಲಿ ದೊಡ್ಡ ಹೆಸರು. ಮುಂದೆ ಅದೇ ಸಂಸ್ಥೆ ಮಕ್ಕಳ ಅಪೌಷ್ಟಿಕತೆಗೆಂದು ಸ್ಪಿರುಲಿನಾ ಚಿಕ್ಕಿಯನ್ನೂ ರೂಪಿಸಿತು. ಅಂದರೆ ನಮ್ಮಲ್ಲಿ ಇದಕ್ಕೆ ಮೊದಲು ಸಿಕ್ಕ ಪಾತ್ರ ಪೌಷ್ಟಿಕ ಆಹಾರದ್ದು. ಹೃದಯದ ಔಷಧಿ ಎಂಬ ಬಿರುದು ಮಾರುಕಟ್ಟೆ ಆಮೇಲೆ ಕೊಟ್ಟದ್ದು.

ಕ್ಲೋರೆಲ್ಲಾ ಬೇರೆ ಜಾತಿಯ ಹಸಿರು ಪಾಚಿ. ಮೂರನೆಯದು ಪಾಚಿ ಎಣ್ಣೆ. ಇದು ಹಸಿರಾಗಿರುವುದಿಲ್ಲ. ಸ್ಕೈಜೋಕೈಟ್ರಿಯಮ್‌ನಂಥ ಸೂಕ್ಷ್ಮಜೀವಿಗಳನ್ನು ದೊಡ್ಡ ತೊಟ್ಟಿಗಳಲ್ಲಿ ಬೆಳೆಸಿ ಹಿಂಡಿದ, ಹಳದಿ ಛಾಯೆಯ ಎಣ್ಣೆ. ಇದರಲ್ಲಿರುವುದು ಡಿಎಚ್‌ಎ, ಕೆಲವು ತಳಿಗಳಲ್ಲಿ ಇಪಿಎ ಕೂಡ. ಮೀನಿನೆಣ್ಣೆಯಲ್ಲಿರುವ ಒಮೆಗಾ-3 ಎಂಬ ಕೊಬ್ಬಿನಂಶಗಳು ಇವೇ. ಮೀನಿಗೂ ಇವು ಪಾಚಿ ತಿಂದೇ ಬರುತ್ತವೆ.

ಹಸಿರು ಪುಡಿಯಲ್ಲಿ ಈ ಡಿಎಚ್‌ಎ ಹೇಳಿಕೊಳ್ಳುವಷ್ಟು ಇರುವುದಿಲ್ಲ. ಪಾಚಿ ಎಣ್ಣೆಯಲ್ಲಿ ಪ್ರೋಟೀನು ಇರುವುದಿಲ್ಲ. ಆದ್ದರಿಂದ ಒಂದರ ಗುಣ ಹೇಳಿ ಇನ್ನೊಂದನ್ನು ಕೈಗೆ ಕೊಡುವವರನ್ನು ಅಲ್ಲಿಯೇ ತಡೆಯಿರಿ.

ಏಕೆ ಕೆಲಸ ಮಾಡುತ್ತದೆ, ಎಷ್ಟು ಮಾಡುತ್ತದೆ

ಸ್ಪಿರುಲಿನಾದಲ್ಲಿರುವ ನೀಲಿ ಬಣ್ಣದ ಪ್ರೋಟೀನು, ಫೈಕೋಸೈಯಾನಿನ್, ಕರುಳಿನಲ್ಲಿ ಪಿತ್ತರಸ ಮತ್ತು ಕೊಲೆಸ್ಟ್ರಾಲ್ ಮತ್ತೆ ರಕ್ತಕ್ಕೆ ಸೇರುವುದನ್ನು ಸ್ವಲ್ಪ ತಡೆಯುತ್ತದೆ ಎಂದು ಪ್ರಾಣಿಗಳ ಮೇಲಿನ ಪ್ರಯೋಗಗಳು ತೋರಿಸಿವೆ. ರಕ್ತನಾಳದ ಒಳಗೋಡೆ ಸಡಿಲಗೊಳ್ಳಲು ಇದು ನೆರವಾಗುತ್ತದೆ ಎಂಬ ಸೂಚನೆಗಳೂ ಇವೆ. ಮನುಷ್ಯರ ಮೇಲೆ ದಿನಕ್ಕೆ 1ರಿಂದ 8-10 ಗ್ರಾಂವರೆಗೆ ಕೊಟ್ಟು ನೋಡಿದ ಹಲವು ಅಧ್ಯಯನಗಳನ್ನು ಒಟ್ಟಿಗೆ ಇಟ್ಟರೆ ಎಲ್‌ಡಿಎಲ್ ಎಂಬ ಕೆಟ್ಟ ಕೊಲೆಸ್ಟ್ರಾಲ್, ಟ್ರೈಗ್ಲಿಸರೈಡ್ ಎಂಬ ರಕ್ತದ ಕೊಬ್ಬು ಮತ್ತು ಬಿ.ಪಿ. ಇಳಿದದ್ದು ಕಾಣುತ್ತದೆ. ಬಿ.ಪಿ.ಯಲ್ಲಿ ಇಳಿಕೆ ಕೆಲವೇ ಅಂಕಗಳಷ್ಟು.

ಈ ಅಧ್ಯಯನಗಳ ಗಾತ್ರವನ್ನು ಮಾತ್ರ ಮರೆಯಬೇಡಿ. ಮಾರಾಟಗಾರರು ಮತ್ತೆ ಮತ್ತೆ ಎತ್ತಿ ತೋರಿಸುವುದು 1996ರಲ್ಲಿ ಪ್ರಕಟವಾದ ಒಂದು ಭಾರತೀಯ ಅಧ್ಯಯನವನ್ನು. ಹೃದ್ರೋಗ ಇದ್ದವರಿಗೆ ಮೂರು ತಿಂಗಳು ದಿನಕ್ಕೆ 2 ಅಥವಾ 4 ಗ್ರಾಂ ಸ್ಪಿರುಲಿನಾ ಕೊಟ್ಟಾಗ ಕೊಲೆಸ್ಟ್ರಾಲ್ ಗಣನೀಯವಾಗಿ ಇಳಿಯಿತು ಎನ್ನುತ್ತದೆ ಅದು. ಅದರಲ್ಲಿದ್ದ ರೋಗಿಗಳು 30 ಮಂದಿ ಮಾತ್ರ. ಮೂವತ್ತು ಜನರಲ್ಲಿ ಕಂಡದ್ದು ಸುಳ್ಳೆಂದಲ್ಲ, ಆದರೆ ಅದನ್ನು ನಂಬಿ ಒಬ್ಬರ ಗುಳಿಗೆ ಬಿಡಿಸುವಷ್ಟು ಗಟ್ಟಿ ಪುರಾವೆ ಅದಲ್ಲ. ಸ್ಪಿರುಲಿನಾ ತಿಂದವರಿಗೆ ಹೃದಯಾಘಾತ ಕಡಿಮೆಯಾಯಿತು ಎಂದು ತೋರಿಸಿದ ದೊಡ್ಡ, ದೀರ್ಘಾವಧಿಯ ಅಧ್ಯಯನ ಇಲ್ಲ.

ಪಾಚಿ ಎಣ್ಣೆಯ ಕಥೆ ಇನ್ನಷ್ಟು ಸ್ಪಷ್ಟ. ಡಿಎಚ್‌ಎ ಯಕೃತ್ತಿಗೆ ಹೋಗಿ ಟ್ರೈಗ್ಲಿಸರೈಡ್ ತಯಾರಿಕೆಯನ್ನು ತಗ್ಗಿಸುತ್ತದೆ. 11 ಪ್ರಯೋಗಗಳ, 485 ಆರೋಗ್ಯವಂತರ ಮಾಹಿತಿಯನ್ನು ಒಟ್ಟುಗೂಡಿಸಿದ 2012ರ ವಿಶ್ಲೇಷಣೆಯಲ್ಲಿ ದಿನಕ್ಕೆ ಸುಮಾರು 1.7 ಗ್ರಾಂ ಡಿಎಚ್‌ಎ ಪಡೆದವರ ಟ್ರೈಗ್ಲಿಸರೈಡ್ ಸರಾಸರಿ 18 ಅಂಕ ಇಳಿಯಿತು, ಒಳ್ಳೆಯ ಎಚ್‌ಡಿಎಲ್ ಮೂರು ಅಂಕದಷ್ಟು ಏರಿತು. ಜೊತೆಗೆ ಕೆಟ್ಟ ಎಲ್‌ಡಿಎಲ್ ಕೂಡ ಸುಮಾರು 9 ಅಂಕ ಏರಿತು. ಈ ಕೊನೆಯ ಸಾಲು ಯಾವ ಡಬ್ಬಿಯ ಮೇಲೂ ಅಚ್ಚಾಗುವುದಿಲ್ಲ. ಎಲ್‌ಡಿಎಲ್ ಮೊದಲೇ ಹೆಚ್ಚಿರುವವರು ಇದನ್ನು ಬರೆದಿಟ್ಟುಕೊಳ್ಳಬೇಕು.

ಇನ್ನು ಹೃದಯಾಘಾತ ತಪ್ಪುತ್ತದೆಯೇ? ಅಮೆರಿಕದಲ್ಲಿ 25,871 ವಯಸ್ಕರ ಮೇಲೆ ಐದು ವರ್ಷಕ್ಕೂ ಹೆಚ್ಚು ಕಾಲ ನಡೆದ ವೈಟಲ್ ಅಧ್ಯಯನ 2018ರಲ್ಲಿ ಹೊರಬಂತು. ದಿನಕ್ಕೊಂದು ಗ್ರಾಂ ಮೀನಿನೆಣ್ಣೆಯ ಒಮೆಗಾ-3 ಪಡೆದವರಲ್ಲಿ ಹೃದಯಾಘಾತ, ಪಾರ್ಶ್ವವಾಯು, ಹೃದ್ರೋಗದ ಸಾವು ಒಟ್ಟಾರೆಯಾಗಿ ಗಮನಾರ್ಹವಾಗಿ ಕಡಿಮೆಯಾಗಲಿಲ್ಲ. ಅದೇ ವರ್ಷದ ಇನ್ನೊಂದು ಅಧ್ಯಯನದಲ್ಲಿ, ಟ್ರೈಗ್ಲಿಸರೈಡ್ ಹೆಚ್ಚಿದ್ದು ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್ ಗುಳಿಗೆ ನುಂಗುತ್ತಿದ್ದವರಿಗೆ ದಿನಕ್ಕೆ 4 ಗ್ರಾಂ ಶುದ್ಧೀಕರಿಸಿದ ಇಪಿಎ ಕೊಟ್ಟಾಗ ಲಾಭ ಕಂಡಿತು. ಅದು ವೈದ್ಯರು ಬರೆದುಕೊಡುವ ಔಷಧಿ, ಅಂಗಡಿಯಲ್ಲಿ ಸಿಗುವ ಪೂರಕವಲ್ಲ.

ಹಾಗಾದರೆ ಯಾರಿಗಾದರೂ ಉಪಯೋಗವಿದೆಯೇ? ಇದೆ. ಬೈಲಹೊಂಗಲ, ಕಿತ್ತೂರು, ಯರಗಟ್ಟಿ ಸೀಮೆಯಲ್ಲಿ ಮೀನು-ಮೊಟ್ಟೆ ಮುಟ್ಟದ ಲಿಂಗಾಯತ, ಜೈನ, ಬ್ರಾಹ್ಮಣ ಮನೆಗಳು ಬಹಳ. ಅವರ ಊಟದಲ್ಲಿ ನೇರವಾದ ಡಿಎಚ್‌ಎ ಬರುವ ದಾರಿ ಹೆಚ್ಚುಕಡಿಮೆ ಇಲ್ಲ. ಅಗಸಿ ಹಿಂಡಿಯಲ್ಲಿ ಇರುವುದು ಎಎಲ್‌ಎ ಎಂಬ ಮೂಲ ಒಮೆಗಾ-3. ಒಂದು ದೊಡ್ಡ ಚಮಚ ಪುಡಿ ಮಾಡಿದ ಅಗಸಿಯಲ್ಲಿ ಅದು ಸುಮಾರು ಒಂದೂವರೆ ಗ್ರಾಂ ಸಿಗುತ್ತದೆ. ಅದರಲ್ಲಿ ದೇಹ ಡಿಎಚ್‌ಎ ಆಗಿ ಪರಿವರ್ತಿಸಿಕೊಳ್ಳುವುದು ಅತ್ಯಲ್ಪ. ಹಾಗೆಂದು ಅಗಸಿ ಹಿಂಡಿ ಬಿಡಬೇಡಿ. ಎಎಲ್‌ಎಗೂ ತನ್ನದೇ ಗುಣವಿದೆ, ಅಗಸಿಯ ನಾರು ಎಲ್‌ಡಿಎಲ್ ಇಳಿಸಲು ನೆರವಾಗುತ್ತದೆ. ಅದರ ಜೊತೆಗೆ ಡಿಎಚ್‌ಎ ಬೇಕೆನಿಸುವ ಶಾಕಾಹಾರಿಗೆ ಪಾಚಿ ಎಣ್ಣೆ ಯೋಗ್ಯ ದಾರಿ. ನನ್ನ ಮಟ್ಟಿಗೆ ಈ ಇಡೀ ಸರಕಿನಲ್ಲಿ ಗಟ್ಟಿಯಾಗಿ ಸಮರ್ಥಿಸಬಹುದಾದ ಬಳಕೆ ಇದೊಂದೇ.

ತೆಗೆದುಕೊಳ್ಳುವುದೇ ಆದರೆ ಹೀಗೆ ಮಾಡಿ

1. ಮೊದಲು ನಿಮ್ಮ ಅಂಕಿಗಳನ್ನು ತಿಳಿಯಿರಿ. ಬಿ.ಪಿ., ಸಕ್ಕರೆ, ಲಿಪಿಡ್ ಪ್ರೊಫೈಲ್ ಈ ಮೂರೂ ಕೈಯಲ್ಲಿ ಇಲ್ಲದೆ ಡಬ್ಬಿ ಕೊಳ್ಳಬೇಡಿ. 30 ದಾಟಿದ ಎಲ್ಲರಿಗೂ ಸರಕಾರಿ ಆರೋಗ್ಯ ಕೇಂದ್ರಗಳಲ್ಲಿ ಬಿ.ಪಿ., ಸಕ್ಕರೆ ತಪಾಸಣೆ ಉಚಿತ. ಬಿ.ಪಿ. ನೋಡಿಸುವಾಗ ಅರ್ಧ ತಾಸು ಮೊದಲೇ ಚಹಾ, ತಂಬಾಕು ನಿಲ್ಲಿಸಿ. ಬೆನ್ನಿಗೆ ಆಸರೆ ಕೊಟ್ಟು ಐದು ನಿಮಿಷ ಸುಮ್ಮನೆ ಕುಳಿತುಕೊಳ್ಳಿ. ಕಾಲ ಮೇಲೆ ಕಾಲು ಬೇಡ. ತೋಳು ಎದೆಯ ಮಟ್ಟದಲ್ಲಿ ಮೇಜಿನ ಮೇಲಿರಲಿ, ಮಾತು ಬೇಡ. ಒಂದೆರಡು ನಿಮಿಷ ಬಿಟ್ಟು ಇನ್ನೊಮ್ಮೆ ನೋಡಿಸಿ. ಬಸ್ಸಿಳಿದು ಓಡಿಬಂದು ಕೈ ಚಾಚಿದರೆ ಬರುವ ಅಂಕಿ ನಿಮ್ಮದಲ್ಲ. ಬೇರೆ ಬೇರೆ ದಿನ ನೋಡಿಸಿದಾಗಲೂ 140/90 ಅಥವಾ ಅದಕ್ಕಿಂತ ಹೆಚ್ಚಿದ್ದರೆ ನಿಮಗೆ ಬೇಕಾದದ್ದು ವೈದ್ಯರು, ಪುಡಿ ಆಮೇಲಿನ ಮಾತು.

2. ಯಾವ ಅಂಕಿಗಾಗಿ ತೆಗೆದುಕೊಳ್ಳುತ್ತಿದ್ದೀರಿ ಎಂದು ಚೀಟಿಯಲ್ಲಿ ಬರೆಯಿರಿ. ಟ್ರೈಗ್ಲಿಸರೈಡ್ 150ಕ್ಕಿಂತ ಸ್ವಲ್ಪ ಹೆಚ್ಚಿದ್ದರೆ ಪಾಚಿ ಎಣ್ಣೆಯ ಬಗ್ಗೆ ವೈದ್ಯರೊಡನೆ ಮಾತಾಡಬಹುದು. 500 ದಾಟಿದ್ದರೆ ಮೇದೋಜೀರಕ ಗ್ರಂಥಿಗೇ ಅಪಾಯ, ಅಲ್ಲಿ ಸ್ವಯಂ ಚಿಕಿತ್ಸೆ ಸಲ್ಲದು. ಹೆಚ್ಚಿರುವುದು ಎಲ್‌ಡಿಎಲ್ ಆಗಿದ್ದರೆ ಡಿಎಚ್‌ಎ ಎಣ್ಣೆ ಸರಿಯಾದ ಆಯ್ಕೆಯಲ್ಲ. ಎಲ್‌ಡಿಎಲ್ ಅನ್ನು ಶೇಕಡಾ 30ರಿಂದ 50ರಷ್ಟು ಇಳಿಸುವ ಸ್ಟ್ಯಾಟಿನ್ ಗುಳಿಗೆಗೆ ಸಾಟಿಯಾದ ಪಾಚಿ ಯಾವುದೂ ಇಲ್ಲ.

3. ನುಂಗುತ್ತಿರುವ ಎಲ್ಲ ಗುಳಿಗೆಗಳ ಜೊತೆ ಈ ಡಬ್ಬಿಯನ್ನೂ ಚೀಲದಲ್ಲಿ ಹಾಕಿಕೊಂಡು ವೈದ್ಯರಲ್ಲಿಗೆ ಹೋಗಿ. "ಏನೋ ಪುಡಿ" ಎಂದರೆ ಅವರಿಗೆ ತಿಳಿಯುವುದಿಲ್ಲ, ಡಬ್ಬಿಯ ಬೆನ್ನು ತೋರಿಸಿದರೆ ತಿಳಿಯುತ್ತದೆ.

4. ಡಬ್ಬಿ ಓದಿ. ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) 14 ಅಂಕಿಯ ಪರವಾನಗಿ ಸಂಖ್ಯೆ, ತಯಾರಾದ ದಿನ, ಬ್ಯಾಚ್ ಸಂಖ್ಯೆ ಇರಬೇಕು. 'ಔಷಧೀಯ ಬಳಕೆಗೆ ಅಲ್ಲ' ಎಂಬ ಅರ್ಥದ ಸಾಲು ಇಂಗ್ಲಿಷಿನಲ್ಲಿ ಎದ್ದುಕಾಣುವಂತೆ ಇರಬೇಕು. ಪೂರಕ ಆಹಾರಗಳಿಗೆ ಇದು ಕಾನೂನಿನ ಕಡ್ಡಾಯ. ಇದೇ ಡಬ್ಬಿಯನ್ನು ಔಷಧಿ ಎಂದು ಮಾರುವವರ ಮುಂದೆ ಆ ಸಾಲಿನ ಮೇಲೆ ಬೆರಳಿಟ್ಟು ಕೇಳಿ. ಹೃದ್ರೋಗ, ರಕ್ತದೊತ್ತಡ ವಾಸಿ ಮಾಡುತ್ತೇವೆಂಬ ಜಾಹೀರಾತನ್ನು 1954ರ ಆಕ್ಷೇಪಾರ್ಹ ಜಾಹೀರಾತು ಕಾಯ್ದೆ ನಿಷೇಧಿಸುತ್ತದೆ. ಭಾರ ಲೋಹ ಮತ್ತು ಕೆಲವು ಪಾಚಿಗಳಲ್ಲಿ ಇರುವ ಮೈಕ್ರೋಸಿಸ್ಟಿನ್ ವಿಷದ ಪರೀಕ್ಷಾ ವರದಿ ಕೊಡುವ ಕಂಪನಿಯನ್ನೇ ಆರಿಸಿ. ಎಣ್ಣೆಯ ಕ್ಯಾಪ್ಸೂಲಿನಲ್ಲಿ ಮುಂಭಾಗದ '500 ಮಿ.ಗ್ರಾಂ' ನೋಡಿ ಮೋಸಹೋಗಬೇಡಿ. ಅದು ಎಣ್ಣೆಯ ತೂಕ. ಡಿಎಚ್‌ಎ ಎಷ್ಟು ಎಂಬ ಸಾಲು ಹಿಂದೆ ಸಣ್ಣಕ್ಷರದಲ್ಲಿರುತ್ತದೆ. ಎಣ್ಣೆ ಶಾಕಾಹಾರಿಯಾದರೂ ಕ್ಯಾಪ್ಸೂಲಿನ ಹೊದಿಕೆ ಜಿಲಾಟಿನ್ ಆಗಿರಬಹುದು, ಹಸಿರು ಚುಕ್ಕೆ ಇದೆಯೇ ನೋಡಿ.

5. ಕಡಿಮೆಯಿಂದ ಶುರುಮಾಡಿ. ಸ್ಪಿರುಲಿನಾ ಆದರೆ ಮೊದಲ ವಾರ ದಿನಕ್ಕೆ 1 ಗ್ರಾಂ, ಊಟದ ಜೊತೆ. ಒಗ್ಗಿದರೆ ಆಮೇಲೆ ಡಬ್ಬಿಯಲ್ಲಿ ಹೇಳಿದ ಪ್ರಮಾಣ, ಅದಕ್ಕಿಂತ ಹೆಚ್ಚು ಬೇಡ. ಪಾಚಿ ಎಣ್ಣೆಯಲ್ಲಿ ಸಾಮಾನ್ಯ ವಯಸ್ಕರಿಗೆ ದಿನಕ್ಕೆ 250ರಿಂದ 500 ಮಿ.ಗ್ರಾಂ ಡಿಎಚ್‌ಎ-ಇಪಿಎ ಸಾಕು. ಎಣ್ಣೆಯಂಶ ಇರುವ ಊಟದ ನಂತರ ತೆಗೆದುಕೊಂಡರೆ ಚೆನ್ನಾಗಿ ಮೈಗೆ ಹತ್ತುತ್ತದೆ. ಎರಡು ಹೊಸ ಪೂರಕಗಳನ್ನು ಒಟ್ಟಿಗೆ ಶುರುಮಾಡಬೇಡಿ. ಮೈಮೇಲೆ ಗಂಧೆ ಎದ್ದರೆ, ಹೊಟ್ಟೆ ಕೆಟ್ಟರೆ ಯಾವುದರಿಂದ ಎಂದು ತಿಳಿಯದೆ ಹೋಗುತ್ತದೆ.

6. ಪುಡಿಯನ್ನು ಕುದಿಯುವ ಸಾರಿಗೆ, ರೊಟ್ಟಿ ಹಿಟ್ಟಿಗೆ ಹಾಕಬೇಡಿ. ಆ ನೀಲಿ ಪ್ರೋಟೀನು ಶಾಖಕ್ಕೆ ಒಡೆಯುತ್ತದೆ. ತಣ್ಣನೆಯ ಮಜ್ಜಿಗೆಯಲ್ಲಿ ಕದಡಿದರೆ ಸಾಕು, ಸ್ವಲ್ಪ ಜೀರಿಗೆ ಪುಡಿ ಹಾಕಿದರೆ ಕೆಸರು ವಾಸನೆಯೂ ತಗ್ಗುತ್ತದೆ.

7. ನೆರಳಲ್ಲಿ ಇಡಿ. ನಮ್ಮ ಏಪ್ರಿಲ್-ಮೇ ಬಿಸಿಲಿಗೆ ತಗಡಿನ ಮನೆಯ ಮಾಡದಲ್ಲಿಟ್ಟ ಪಾಚಿ ಎಣ್ಣೆ ಬೇಗ ಕಮಟು ಹಿಡಿಯುತ್ತದೆ. ಒಂದು ಕ್ಯಾಪ್ಸೂಲು ಕತ್ತರಿಸಿ ಮೂಸಿ ನೋಡಿ. ಹಳೆಯ ಬಣ್ಣದ ಡಬ್ಬಿಯ ವಾಸನೆ ಬಂದರೆ ಎಸೆಯಿರಿ.

8. ಮೂರು ತಿಂಗಳಿಗೆ ಮತ್ತೆ ರಕ್ತ ಪರೀಕ್ಷೆ ಮಾಡಿಸಿ. ಚೀಟಿಯಲ್ಲಿ ಬರೆದಿಟ್ಟ ಅಂಕಿ ಇಳಿಯದಿದ್ದರೆ ನಿಲ್ಲಿಸಿ. ಇನ್ನೊಂದು ಡಬ್ಬಿ ಕೊಂಡರೆ ಇಳಿಯುತ್ತದೆ ಎಂಬ ಮಾತಿಗೆ ಕಿವಿಗೊಡಬೇಡಿ.

ಇವರು ಮುಟ್ಟಲೇಬಾರದು, ಅಥವಾ ಕೇಳದೆ ಮುಟ್ಟಬಾರದು

ಹೃದಯದ ಕವಾಟ ಬದಲಿಸಿಕೊಂಡು ವಾರ್ಫರಿನ್ ಅಥವಾ ಅಸಿಟ್ರೋಮ್ ನುಂಗುತ್ತಿರುವವರು ಮೊದಲ ಸಾಲಿನಲ್ಲಿದ್ದಾರೆ. ಚಿಕ್ಕಂದಿನ ಕೀಲುಜ್ವರದಿಂದ ಕವಾಟ ಕೆಟ್ಟವರು ನಮ್ಮ ಹಳ್ಳಿಗಳಲ್ಲಿ ಇನ್ನೂ ಇದ್ದಾರೆ. ಕ್ಲೋರೆಲ್ಲಾದಂಥ ಹಸಿರು ಪಾಚಿಯಲ್ಲಿ ವಿಟಮಿನ್ ಕೆ ಹೇರಳ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಆ ಗುಳಿಗೆಯ ಕೆಲಸವನ್ನು ಅದು ಕೆಡಿಸುತ್ತದೆ. ಹೊಸ ಕವಾಟದ ಮೇಲೆ ರಕ್ತ ಗಡ್ಡೆಕಟ್ಟಿದರೆ ಪ್ರಾಣಕ್ಕೇ ಎರವು. ಈ ಗುಳಿಗೆ ನುಂಗುವವರು ವೈದ್ಯರನ್ನು ಕೇಳದೆ ಯಾವ ಹಸಿರು ಪುಡಿಯನ್ನೂ ಮುಟ್ಟಬೇಡಿ.

ಆಸ್ಪಿರಿನ್, ಕ್ಲೊಪಿಡೋಗ್ರೆಲ್ ನುಂಗುವವರು ಹೆಚ್ಚಿನ ಪ್ರಮಾಣದ ಒಮೆಗಾ-3 ಸೇರಿಸುವ ಮೊದಲು ಕೇಳಬೇಕು. ಎದೆ ಬಡಿತ ಏರುಪೇರಾಗುವ ಏಟ್ರಿಯಲ್ ಫಿಬ್ರಿಲೇಶನ್ ಇದ್ದವರೂ ಅಷ್ಟೇ. ದಿನಕ್ಕೆ ಗ್ರಾಂಗಟ್ಟಲೆ ಒಮೆಗಾ-3 ತೆಗೆದುಕೊಂಡವರಲ್ಲಿ ಈ ತೊಂದರೆ ಹೆಚ್ಚಾದದ್ದು ದೊಡ್ಡ ಅಧ್ಯಯನಗಳಲ್ಲಿ ಕಂಡಿದೆ. ಗೌಟ್ ಇದ್ದವರಿಗೆ ಸ್ಪಿರುಲಿನಾ ಯೂರಿಕ್ ಆಮ್ಲ ಏರಿಸಬಹುದು. ಥೈರಾಯ್ಡ್ ತೊಂದರೆಯವರು ಕಡಲಪಾಚಿ, ಅಂದರೆ ಕೆಲ್ಪ್ ಗುಳಿಗೆಯಿಂದ ದೂರವಿರಬೇಕು, ಅದರಲ್ಲಿ ಅಯೋಡಿನ್ ವಿಪರೀತ. ಮೂತ್ರಪಿಂಡ ಕಸಿಯಾದವರು, ಲೂಪಸ್‌ನಂಥ ರೋಗದವರು, ಫಿನೈಲ್‌ಕೀಟೋನ್ಯೂರಿಯಾ ಇದ್ದವರು ಸ್ಪಿರುಲಿನಾ ತೆಗೆದುಕೊಳ್ಳಬಾರದು. ಗರ್ಭಿಣಿಯರು ಕೇಳದೆ ಯಾವುದನ್ನೂ ತೆಗೆದುಕೊಳ್ಳಬೇಡಿ.

ಜನ ಮಾಡುವ ತಪ್ಪುಗಳು

ಬಿ.ಪಿ. ಗುಳಿಗೆ ಬಿಡುವುದು ಎಲ್ಲಕ್ಕಿಂತ ದೊಡ್ಡ ತಪ್ಪು. ಗುಳಿಗೆ ನಿಲ್ಲಿಸಿದ ಮೊದಲ ಕೆಲವು ದಿನ ಹೆಚ್ಚಿನವರಿಗೆ ಏನೂ ಗೊತ್ತಾಗದು. ಬಿ.ಪಿ. ಏರಿದರೂ ಸಾಮಾನ್ಯವಾಗಿ ನೋವಿರುವುದಿಲ್ಲ, ತಲೆ ಸುತ್ತುವುದಿಲ್ಲ. "ನೋಡ್ರಿ, ಪುಡಿಯಿಂದ ಆರಾಮ ಅದೇನಿ" ಎನಿಸುವುದು ಇದೇ ಕಾರಣಕ್ಕೆ. ಏರಿದ ಬಿ.ಪಿ. ಪಾರ್ಶ್ವವಾಯುವಾಗಿ ಒಂದು ಮುಂಜಾನೆ ತನ್ನನ್ನು ತೋರಿಸಿಕೊಳ್ಳುತ್ತದೆ. ಅದರಲ್ಲೂ ಅಟೆನೊಲಾಲ್, ಮೆಟೊಪ್ರೊಲಾಲ್‌ನಂಥ ಗುಳಿಗೆಯನ್ನು ಒಮ್ಮೆಲೇ ನಿಲ್ಲಿಸಿದರೆ ಎದೆನೋವು ಕೆರಳಿ ಹೃದಯಾಘಾತವೇ ಆಗಬಹುದು.

ಬಿ12ಕ್ಕಾಗಿ ಸ್ಪಿರುಲಿನಾ ತಿನ್ನುವುದು ಇನ್ನೊಂದು. ಅದರಲ್ಲಿರುವ ಬಿ12 ಬಹುಪಾಲು ನಮ್ಮ ದೇಹ ಬಳಸಿಕೊಳ್ಳಲಾಗದ ರೂಪದ್ದು. ಕೈಕಾಲು ಜೋಮು ಹಿಡಿಯುವ ಶಾಕಾಹಾರಿಗಳು ಬಿ12 ಪರೀಕ್ಷೆ ಮಾಡಿಸಿ ಅದರದೇ ಗುಳಿಗೆಯನ್ನು ನುಂಗಬೇಕು.

ಪ್ರೋಟೀನಿಗಾಗಿ ಕೊಳ್ಳುವವರು ಲೆಕ್ಕ ಹಾಕಲಿ. ಒಣ ಸ್ಪಿರುಲಿನಾದ ಅರ್ಧಕ್ಕಿಂತ ಹೆಚ್ಚು ಭಾಗ ಪ್ರೋಟೀನು ಎಂಬುದು ನಿಜ. ಆದರೆ 500 ಮಿ.ಗ್ರಾಂನ ಎರಡು ಗುಳಿಗೆಯಲ್ಲಿ ಅದು ಅರ್ಧ ಗ್ರಾಂ ಚಿಲ್ಲರೆ. 30 ಗ್ರಾಂ ಹೆಸರುಕಾಳಿನಲ್ಲಿ ಏಳು ಗ್ರಾಂ ಇದೆ.

ಕೆರೆ, ಬಾವಿ, ಕಾಲುವೆಯ ಹಸಿರು ಪಾಚಿಯನ್ನು ಒಣಗಿಸಿ ತಿನ್ನುವ ಸಾಹಸ ಬೇಡವೇ ಬೇಡ. ನವಿಲುತೀರ್ಥದ ಹಿನ್ನೀರಲ್ಲಾಗಲಿ ಹೊಲದ ಹೊಂಡದಲ್ಲಾಗಲಿ ತೇಲುವ ನೀಲಿ-ಹಸಿರು ಪಾಚಿಯಲ್ಲಿ ಯಕೃತ್ತನ್ನು ಸುಡುವ ಮೈಕ್ರೋಸಿಸ್ಟಿನ್ ಇರಬಹುದು. ಕುದಿಸಿದರೂ ಆ ವಿಷ ಹೋಗುವುದಿಲ್ಲ. ಮನೆಯಲ್ಲಿ ತೊಟ್ಟಿ ಕಟ್ಟಿ ಬೆಳೆದ, ಪರೀಕ್ಷೆಯಾಗದ ಬಿಡಿ ಪುಡಿಯನ್ನೂ ಕೊಳ್ಳಬೇಡಿ.

ಪುಡಿಗೆ ಪ್ರತಿ ತಿಂಗಳು ನೂರಾರು ರೂಪಾಯಿ ಸುರಿದು ಉಪ್ಪು, ತಂಬಾಕು ಹಾಗೇ ಮುಂದುವರಿಸುವುದು ನನಗೆ ತೀರ ಸಂಕಟ ತರುವ ತಪ್ಪು. ದಿನಕ್ಕೆ 5 ಗ್ರಾಂ, ಅಂದರೆ ಒಂದು ಸಣ್ಣ ಚಮಚಕ್ಕಿಂತ ಕಡಿಮೆ ಉಪ್ಪು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ನಮ್ಮ ತಾಟಿನಲ್ಲಿ ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಕೆಂಪು ಚಟ್ನಿ, ಮೇಲೆ ಮಿರ್ಚಿ ಭಜಿ ಸೇರಿದರೆ ಆ ಲೆಕ್ಕ ಒಂದೇ ಊಟಕ್ಕೆ ಮುಗಿಯುತ್ತದೆ. ಉಪ್ಪು ತಗ್ಗಿಸಿದರೆ ಬಿ.ಪಿ. ಇಳಿಯುವುದು ಸ್ಪಿರುಲಿನಾಕ್ಕಿಂತ ಎಷ್ಟೋ ಗಟ್ಟಿಯಾಗಿ ಸಾಬೀತಾದ ಸಂಗತಿ. ಜೋಳದ ರೊಟ್ಟಿ, ಮಡಿಕೆಕಾಳಿನ ಪಲ್ಯ, ಮೆಂತ್ಯದ ಸೊಪ್ಪು, ಹಸಿ ಸವತಿಕಾಯಿ, ಸ್ವಲ್ಪ ಅಗಸಿ ಹಿಂಡಿ, ಉಪ್ಪು ಕಡಿಮೆಯ ಮಜ್ಜಿಗೆ ಇಷ್ಟಿರುವ ತಾಟು ಹೃದಯಕ್ಕೆ ಬಹಳ ಹಿತ, ಅದೂ ನಮ್ಮ ಹೊಲದ್ದೇ. ಗುಟ್ಕಾ, ಬೀಡಿ ಬಿಟ್ಟರೆ ಸಿಗುವ ಲಾಭಕ್ಕೆ ಸಮನಾದ ಪೂರಕವನ್ನು ಯಾವ ಕಂಪನಿಯೂ ಇನ್ನೂ ತಯಾರಿಸಿಲ್ಲ.

ಎದೆ ಹಿಡಿದಾಗ

ಎದೆಯ ನಡುವೆ ಬಿಗಿತ, ಎಡಗೈ ಅಥವಾ ದವಡೆಗೆ ಹರಿಯುವ ನೋವು, ತಣ್ಣನೆಯ ಬೆವರು, ಉಸಿರು ಕಟ್ಟಿದಂತಾಗುವುದು ಕಂಡರೆ ಪುಡಿ, ಸೋಡಾ, ಜೀರಿಗೆ ನೀರು ಎಂದು ಹೊತ್ತು ಕಳೆಯಬೇಡಿ. ಸಕ್ಕರೆ ಕಾಯಿಲೆಯವರಲ್ಲಿ ನೋವೇ ಇಲ್ಲದೆ ಬರೀ ಸುಸ್ತು, ಬೆವರು ಬರಬಹುದು. ಯರಗಟ್ಟಿಯಿಂದ ಬೆಳಗಾವಿ ಒಂದು ತಾಸಿಗೂ ಮೀರಿದ ದಾರಿ. ಅಲ್ಲಿಯವರೆಗೆ ಹೃದಯದ ಮಾಂಸ ಸಾಯುತ್ತಲೇ ಇರುತ್ತದೆ. ರಾಜ್ಯದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಡಿ, ಆಯ್ದ ತಾಲ್ಲೂಕು ಆಸ್ಪತ್ರೆಗಳಲ್ಲಿ ಇಸಿಜಿ ತೆಗೆದು ಜಯದೇವದಂಥ ದೊಡ್ಡ ಆಸ್ಪತ್ರೆಯ ತಜ್ಞರಿಗೆ ಕಳಿಸಿ, ಬೇಕಿದ್ದರೆ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಉಚಿತವಾಗಿ ಕೊಡುತ್ತಾರೆ. ಈ ಸೌಲಭ್ಯ ನಿಮಗೆ ಹತ್ತಿರದ ಯಾವ ಆಸ್ಪತ್ರೆಯಲ್ಲಿದೆ, ಸವದತ್ತಿಯಲ್ಲೋ ಬೈಲಹೊಂಗಲದಲ್ಲೋ ರಾಮದುರ್ಗದಲ್ಲೋ ಎಂದು ಈ ವಾರವೇ ನಿಮ್ಮೂರಿನ ಆಶಾ ಕಾರ್ಯಕರ್ತೆಯನ್ನು ಕೇಳಿ, ಗೋಡೆಯ ಕ್ಯಾಲೆಂಡರ್ ಮೇಲೆ ಆಂಬ್ಯುಲೆನ್ಸ್ ಸಂಖ್ಯೆ 108ರ ಪಕ್ಕದಲ್ಲಿ ಬರೆದಿಡಿ. ಮನೆಯಲ್ಲಿ ಯಾರಾದರೂ ಬಿ.ಪಿ. ಗುಳಿಗೆ ಬಿಟ್ಟು ಪುಡಿ ಹಿಡಿದಿದ್ದರೆ, ನಾಳೆಯೇ ಅವರನ್ನು ಕರೆದುಕೊಂಡು ಹೋಗಿ ಬಿ.ಪಿ. ನೋಡಿಸಿ.